ಧ್ವನಿವರ್ಧಕದ ಕಾರ್ಖಾನೆಯೂ ಕೇಳುವ ಕೋಣೆಯೂ

ಮನೆಯೊಳಗಿನ ಸಾಮಾನುಗಳಲ್ಲಿ ನಾವು ಅತಿ ಹೆಚ್ಚಾಗಿ ಉಪಯೋಗಿಸಿ ಅತಿ ಕಡಮೆಯಾಗಿ ವಿಚಾರಿಸುವ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ಧ್ವನಿವರ್ಧಕವೆಂದು ಹೇಳಲು ನಾವು ಹಿಂಜರಿಯುವುದಿಲ್ಲ. ರೇಡಿಯೋವಿನಲ್ಲಿ ಅದುಂಟು, ಟೀವಿಯಲ್ಲಿ ಅದುಂಟು, ಅಂಗೈಯಲ್ಲಿ ಹಿಡಿದಿರುವ ಮೊಬೈಲಿನಲ್ಲಿಯೂ ಹುಣಿಸೆಬೀಜದಷ್ಟು ಚಿಕ್ಕದಾಗಿ ಅದುಂಟು. ಬೆಳಗಿನ ಸುಪ್ರಭಾತ ಮೊದಲ್ಗೊಂಡು ರಾತ್ರಿಯ ವಾರ್ತೆಯವರೆಗೆ ಅದರ ಮಾತನ್ನು ಕೇಳುತ್ತಲೇ ಇರುತ್ತೇವೆ. ಆದರೆ ಅಕ್ಕಿಯನ್ನು ಕೊಳ್ಳುವಾಗ ಅಂಗೈಯಲ್ಲಿ ಹಾಕಿಕೊಂಡು ನೋಡುವ ನಾವು, ಸೀರೆಯನ್ನು ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡುವ ನಾವು, ಇದನ್ನು ಕೊಳ್ಳುವಾಗ ಮಾತ್ರ “ಗಟ್ಟಿಯಾಗಿ ಕೇಳಿಸುತ್ತದೆಯೆ?” ಎಂಬ ಒಂದೇ ಪ್ರಶ್ನೆಯನ್ನು ಹಾಕಿ ಹಣವನ್ನು ಎಣಿಸಿಬಿಡುತ್ತೇವೆ.

ಧ್ವನಿಯನ್ನೇ ವೃತ್ತಿಯಾಗಿ ಮಾಡಿಕೊಂಡವರು, ಎಂದರೆ ಬಾನುಲಿಯವರು, ಸಂಗೀತವನ್ನು ಮುದ್ರಿಸುವವರು, ಚಲಚ್ಚಿತ್ರಗಳಿಗೆ ಶಬ್ದವನ್ನು ಜೋಡಿಸುವವರು, ಈ ಪ್ರಶ್ನೆಯನ್ನು ಕೇಳುವುದೇ ಇಲ್ಲವೆಂದು ನಾವು ಬಹುಕಾಲದಿಂದ ಕೇಳಿದ್ದೆವು. ಅವರು ಕೇಳುವ ಪ್ರಶ್ನೆ ಯಾವುದು, ಅವರಿಗಾಗಿ ಈ ಯಂತ್ರವನ್ನು ಮಾಡುವವರು ಅದಕ್ಕೆ ಹೇಗೆ ಉತ್ತರ ಕೊಡುತ್ತಾರೆ ಎಂಬುದನ್ನು ಕಣ್ಣಾರೆ ಕಾಣಬೇಕೆಂಬ ಆಸೆಯು ನಮಗಿದ್ದಿತು. ಬೇರೊಂದು ಕಾರ್ಯಕ್ಕಾಗಿ ಫಿನ್ಲೆಂಡಿಗೆ ಹೋಗಬೇಕಾಗಿ ಬಂದಾಗ ಆ ಆಸೆಯು ಕೈಗೂಡಿತು.

ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಿಂದ ಉತ್ತರಕ್ಕೆ ಐನೂರು ಕಿಲೋಮೀಟರುಗಳಿಗೆ ಹತ್ತಿರ ಹತ್ತಿರವಾಗಿ ರೈಲಿನಲ್ಲಿ ಹೋದರೆ ಈಸಲ್ಮಿ ಎಂಬ ಊರು ಸಿಕ್ಕುತ್ತದೆ. ದಾರಿಯುದ್ದಕ್ಕೂ ಬರ್ಚ್ ಮರಗಳು, ಪೈನ್ ಮರಗಳು, ಅವುಗಳ ನಡುವೆ ಸರೋವರ. ಮತ್ತೆ ಮರ, ಮತ್ತೆ ಸರೋವರ. ಊರಿನ ಜನಸಂಖ್ಯೆ ಸುಮಾರು ಇಪ್ಪತ್ತು ಸಾವಿರ. ನಮ್ಮಲ್ಲಿಯಾದರೆ ಅದನ್ನು ಒಂದು ಹೋಬಳಿಯ ಊರೆಂದು ಕರೆದೇವು. ನಾವು ಹೋದುದು ಜೂನ್ ತಿಂಗಳು. ರಾತ್ರಿ ಹನ್ನೊಂದು ಗಂಟೆಯಾದರೂ ಹೊರಗೆ ಕುಳಿತು ಪತ್ರಿಕೆಯನ್ನು ಓದುವಷ್ಟು ಬೆಳಕು. ಇಷ್ಟು ಸಣ್ಣ ಊರಿನಲ್ಲಿ, ಪೊರೊವೆಸಿ ಎಂಬ ಸರೋವರದ ದಡದಲ್ಲಿ, ಜೆನೆಲೆಕ್ ಎಂಬ ಸಂಸ್ಥೆಯ ಕಾರ್ಖಾನೆ ಇದೆ. ಇಲ್ಲಿ ತಯಾರಾದ ಧ್ವನಿವರ್ಧಕಗಳು ಪ್ರಪಂಚದ ನಾನಾ ದೇಶಗಳ ಬಾನುಲಿ ಕೇಂದ್ರಗಳಲ್ಲಿಯೂ ಮುದ್ರಣಶಾಲೆಗಳಲ್ಲಿಯೂ ಕೆಲಸಮಾಡುತ್ತಿವೆ.

ಇದು ಹುಟ್ಟಿದ ಬಗೆಯೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರ. ೧೯೭೬ ರಲ್ಲಿ ಫಿನ್ಲೆಂಡಿನ ಬಾನುಲಿ ಸಂಸ್ಥೆಯು ಹೆಲ್ಸಿಂಕಿಯಲ್ಲಿ ಹೊಸದೊಂದು ರೇಡಿಯೋ ಭವನವನ್ನು ಕಟ್ಟಿಸುತ್ತಿದ್ದಿತು. ಪ್ರಸಾರವಾಗುವ ಧ್ವನಿಯನ್ನು ಪರೀಕ್ಷಿಸಿ ನೋಡಲು ಅವರಿಗೆ ತಕ್ಕ ಧ್ವನಿವರ್ಧಕವು ಬೇಕಾಗಿದ್ದಿತು. ಆ ಸಂಸ್ಥೆಯ ಶಬ್ದತಜ್ಞರಾದ ಯುಹಾನಿ ಬೊರೇನಿಯಸ್ ಎಂಬುವರು ತಮ್ಮ ಸ್ನೇಹಿತರಾದ ಇಲ್ಪೊ ಮಾರ್ಟಿಕೈನೆನ್ ಮತ್ತು ಟೋಪಿ ಪಾರ್ಟನೆನ್ ಎಂಬ ಇಬ್ಬರನ್ನು, “ನಿಮ್ಮಿಂದ ಇದು ಆದೀತೆ?” ಎಂದು ವಿಚಾರಿಸಿದರು. ಸ್ನೇಹಿತರಿಬ್ಬರೂ ಮಾದರಿಯೊಂದನ್ನು ಸಿದ್ಧಪಡಿಸಿದರು. ೧೯೭೮ ರಲ್ಲಿ ಸಂಸ್ಥೆಯು ಸ್ಥಾಪಿತವಾಯಿತು. ಅದರ ಮೊದಲ ಧ್ವನಿವರ್ಧಕವು, ಎಸ್ ೩೦ ಎಂಬ ಹೆಸರಿನದು, ಆ ರೇಡಿಯೋ ಭವನಕ್ಕಾಗಿಯೇ ತಯಾರಾದುದು. ಎಂದರೆ ಈ ಕಾರ್ಖಾನೆಯು ಹುಟ್ಟಿದುದು ಜನರ ಕಿವಿಗೆ ಇಂಪು ಮಾಡುವುದಕ್ಕಲ್ಲ. ಇಂಪು ಯಾವುದು, ತಪ್ಪು ಯಾವುದು ಎಂದು ಬಾನುಲಿಯವರಿಗೆ ತೋರಿಸಿಕೊಡುವುದಕ್ಕೆ. ಮೈಸೂರಿನಲ್ಲಿ ೧೯೩೫ ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದ ಕಥೆಯನ್ನು ಬಲ್ಲ ನಮಗೆ, ಬಾನುಲಿಯ ಸುತ್ತ ಇಂಥ ಸಾಹಸಗಳು ಬೆಳೆಯುವುದು ಹೊಸದಾಗಿ ತೋರಲಿಲ್ಲ. ಮಾರ್ಟಿಕೈನೆನ್ ಅವರು ೨೦೧೭ ರಲ್ಲಿ ತೀರಿಕೊಂಡರು.

ಅಕ್ಕಸಾಲಿಗನ ಅಂಗಡಿಯಲ್ಲಿ ಒರೆಗಲ್ಲೊಂದು ಇರುತ್ತದಷ್ಟೆ. ಅದು ಒಡವೆಯಲ್ಲ, ಅದನ್ನು ಯಾರೂ ಕೊರಳಿಗೆ ಕಟ್ಟಿಕೊಳ್ಳುವುದಿಲ್ಲ. ಆದರೆ ಅದು ಸುಳ್ಳು ಹೇಳಿದರೆ ಅಂಗಡಿಯ ವ್ಯಾಪಾರವೇ ಸುಳ್ಳು. ವೃತ್ತಿಯವರ ಧ್ವನಿವರ್ಧಕವು ಅಂಥದು. ಮನೆಗೆಂದು ಮಾರುವ ಅನೇಕ ಯಂತ್ರಗಳಲ್ಲಿ ಮಂದ್ರವನ್ನು ಒಂದಿಷ್ಟು ಉಬ್ಬಿಸಿ, ತಾರವನ್ನು ಒಂದಿಷ್ಟು ಮಿನುಗಿಸಿ, ಅಡುಗೆಗೆ ಒಗ್ಗರಣೆ ಹಾಕಿದಂತೆ ರುಚಿ ಕಟ್ಟಿರುತ್ತಾರೆ. ಇಲ್ಲಿ ಒಗ್ಗರಣೆ ನಿಷಿದ್ಧ. ಒಳಗೆ ಎಷ್ಟು ಹೋಯಿತೋ ಅಷ್ಟೇ ಹೊರಗೆ ಬರಬೇಕು.

ಕಾರ್ಖಾನೆಯೆಂದೊಡನೆ ಗಡಗಡ ಸದ್ದು, ಎಣ್ಣೆ, ಹೊಗೆ ಇವುಗಳನ್ನು ಕಲ್ಪಿಸಿಕೊಂಡಿದ್ದ ನಮಗೆ ಒಳಗಿನ ನಿಶ್ಶಬ್ದವು ಆಶ್ಚರ್ಯವನ್ನು ಉಂಟುಮಾಡಿತು. ಉದ್ದನೆಯ ಮೇಜುಗಳು, ಪ್ರತಿಯೊಂದರ ಮುಂದೆಯೂ ಕುಳಿತು ಅಥವಾ ನಿಂತು ಕೆಲಸ ಮಾಡುತ್ತಿರುವ ಗಂಡಸರು, ಹೆಂಗಸರು. ಯಾರೂ ಅವಸರಪಡುವಂತೆ ಕಾಣಲಿಲ್ಲ. ನಮ್ಮನ್ನು ಕರೆದೊಯ್ದ ಮಹನೀಯರು ಮೊದಲು ತೋರಿಸಿದುದು ಬರಿಯ ಪೆಟ್ಟಿಗೆಯನ್ನು. ನಾವು ತಿಳಿದಿದ್ದಂತೆ ಅದು ಮರದ್ದಲ್ಲ, ಅಲ್ಯೂಮಿನಿಯಮಿನ ಎರಕ; ಅದೂ ಹಳೆಯ ಅಲ್ಯೂಮಿನಿಯಮನ್ನು ಮತ್ತೆ ಕರಗಿಸಿ ಮಾಡಿದುದು. ೨೦೦೪ ರಿಂದೀಚೆಗೆ ಬಂದ ಮಾದರಿಗಳ ರೂಪವನ್ನು ಹಾರಿ ಕೊಸ್ಕಿನೆನ್ ಎಂಬ ಫಿನ್ಲೆಂಡಿನ ಶಿಲ್ಪವಿನ್ಯಾಸಕಾರರು ಕೊಟ್ಟಿದ್ದಾರೆ. ಮೂಲೆಯೆಂಬುದೇ ಇಲ್ಲ; ನದಿಯಲ್ಲಿ ಉರುಳಿ ಬಂದ ಕಲ್ಲಿನಂತೆ ಎಲ್ಲವೂ ದುಂಡು. ಇದು ಚೆಲುವಿಗೆಂದು ಮಾತ್ರ ಮಾಡಿದುದಲ್ಲ. ಪೆಟ್ಟಿಗೆಗೆ ಚೂಪಾದ ಅಂಚಿದ್ದರೆ ಧ್ವನಿಯ ಅಲೆಯು ಅಲ್ಲಿಗೆ ಬಂದು ಚೆದರಿ, ಆ ಅಂಚೇ ಇನ್ನೊಂದು ಪುಟ್ಟ ಧ್ವನಿವರ್ಧಕದಂತೆ ವರ್ತಿಸುತ್ತದೆ. ಕೇಳುವವನ ಕಿವಿಗೆ ಮೂಲಧ್ವನಿಯ ಹಿಂದೆಯೇ ಅದರ ನೆರಳೊಂದು ಬಂದು ಸೇರುತ್ತದೆ. ಅಂಚನ್ನು ದುಂಡಾಗಿಸಿದರೆ ನೆರಳಿಗೆ ಆಸ್ಪದ ಕಡಮೆ. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದೆವು. ತಗಡಿನ ಡಬ್ಬಿಯಂತೆ ಝಣಗುಟ್ಟೀತೆಂದು ಎಣಿಸಿದ್ದರೆ, ಗಾರೆಯ ಗೋಡೆಯನ್ನು ತಟ್ಟಿದಂತಾಯಿತು. ಪೆಟ್ಟಿಗೆಯು ತಾನೇ ನಡುಗಿ ಹಾಡತೊಡಗಿದರೆ ಅದು ಹಾಡುಗಾರನ ಪಾಲಿಗೆ ಬೇಡದ ಪಕ್ಕವಾದ್ಯ.

ಪೆಟ್ಟಿಗೆಯಲ್ಲಿ ದೊಡ್ಡದೊಂದು, ಚಿಕ್ಕದೊಂದು, ಹೀಗೆ ಎರಡು ಬಾಯಿಗಳೇಕೆ? ಮನೆಯ ಮಕ್ಕಳು ಕೇಳತಕ್ಕ ಈ ಪ್ರಶ್ನೆಯನ್ನೇ ನಾವೂ ಕೇಳಿದೆವು. ಉತ್ತರವು ಅಲೆಯ ಉದ್ದದಲ್ಲಿದೆ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೪ ಮೀಟರು ಓಡುತ್ತದೆ. ಮನುಷ್ಯನ ಕಿವಿಗೆ ಕೇಳಿಸುವ ಅತಿ ಮಂದ್ರವಾದ, ಸೆಕೆಂಡಿಗೆ ೨೦ ಕಂಪನಗಳ ಸ್ವರಕ್ಕೆ ಒಂದೊಂದು ಅಲೆಯ ಉದ್ದವು ೧೭ ಮೀಟರು. ಎಂದರೆ ಎರಡು ಎತ್ತಿನ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರೂ ಮಿಕ್ಕುವಷ್ಟು. ೨೦,೦೦೦ ಕಂಪನಗಳ ಅತಿ ತಾರಸ್ವರದ ಅಲೆಯು ಎರಡು ಸೆಂಟಿಮೀಟರಿಗೂ ಕಡಮೆ. ಮಂದ್ರಕ್ಕೆ ಹೆಚ್ಚು ಗಾಳಿಯನ್ನು ತಳ್ಳುವ ಅಗಲವಾದ ತಿದಿ ಬೇಕು. ತಾರಕ್ಕೆ ಹಗುರವಾಗಿ ಕ್ಷಿಪ್ರವಾಗಿ ಅಲುಗುವ ಚಿಕ್ಕ ಗುಮ್ಮಟ ಬೇಕು. ಒಂದೇ ಬಾಯಿ ಎರಡನ್ನೂ ಮಾಡಹೊರಟರೆ ಎರಡೂ ಕೆಡುತ್ತವೆ. ಇವುಗಳನ್ನು ಅಲುಗಿಸುವ ತತ್ತ್ವವು ಹಳೆಯದು: ಆಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ತಿದಿ. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬುವರು ೧೯೨೫ ರಲ್ಲಿ ಇದನ್ನು ಒಂದು ಹದಕ್ಕೆ ತಂದರು. ಅಲ್ಲಿಂದ ಇಂದಿನವರೆಗೆ ಮೂಲವು ಬದಲಾಗಿಲ್ಲವೆಂದರೆ ಆಶ್ಚರ್ಯವಲ್ಲವೆ?

ಈ ಕಾರ್ಖಾನೆಯವರು ಮಾಡಿರುವ ವಿಶೇಷಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇವೆ. ತಾರದ ಬಾಯಿಯ ಸುತ್ತ ತಟ್ಟೆಯಂತೆ ಒಳಕ್ಕೆ ಬಾಗಿದ ತಗ್ಗೊಂದಿರುತ್ತದೆ. ೧೯೮೩ ರಲ್ಲಿ ಇವರು ರೂಢಿಗೆ ತಂದ ಈ ತಗ್ಗು, ಧ್ವನಿಯು ಎಲ್ಲೆಂದರಲ್ಲಿ ಚೆಲ್ಲದೆ ಕೇಳುವವನ ಕಡೆಗೆ ಹೆಚ್ಚಾಗಿ ಹೋಗುವಂತೆ ಮಾಡುತ್ತದೆ. ಎರಡನೆಯದಾಗಿ, ಧ್ವನಿಯನ್ನು ಬಲಪಡಿಸುವ ಆಂಪ್ಲಿಫೈಯರುಗಳನ್ನು ಪೆಟ್ಟಿಗೆಯೊಳಗೆಯೇ ಇಟ್ಟು, ಒಂದೊಂದು ಬಾಯಿಗೂ ಒಂದೊಂದನ್ನು ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ಮೊದಲ ಎಸ್ ೩೦ ರಿಂದಲೇ ಇದು ಈ ಮನೆತನದ ಪದ್ಧತಿ. ವಿದ್ಯುತ್ತಿನ ಭಾಗಗಳನ್ನು ಜೋಡಿಸುವುದನ್ನೂ ಅಲ್ಲಿಯೇ ಕಂಡೆವು. ಅದು ನೋಡುವುದಕ್ಕಿಂತ ಮಾಡುವುದಕ್ಕೆ ಸ್ವಾರಸ್ಯವಾದ ಕೆಲಸವಾದುದರಿಂದ ಹೆಚ್ಚು ವರ್ಣಿಸುವುದಿಲ್ಲ.

ಆಮೇಲೆ ಭಾರವಾದ ಬಾಗಿಲೊಂದನ್ನು ತೆರೆದು ನಮ್ಮನ್ನು ಪ್ರತಿಧ್ವನಿಯಿಲ್ಲದ ಕೋಣೆಗೆ ಕರೆದೊಯ್ದರು. ಧ್ವನಿವರ್ಧಕವನ್ನು ಅಳೆಯಬೇಕಾದರೆ ಗೋಡೆಗಳು ಮಾತನಾಡಬಾರದು. ಆದುದರಿಂದ ಗೋಡೆಯಲ್ಲಿಯೂ ಚಾವಣಿಯಲ್ಲಿಯೂ ಧ್ವನಿಯನ್ನು ಹೀರುವ ಮೆತ್ತನೆಯ ಬೆಣೆಗಳನ್ನು, ಹಲಸಿನ ಹಣ್ಣಿನ ಮುಳ್ಳನ್ನು ಸಾವಿರ ಪಾಲು ದೊಡ್ಡದು ಮಾಡಿ ಒಳಮುಖವಾಗಿ ತಿರುಗಿಸಿದಂತೆ ನಿಲ್ಲಿಸಿರುತ್ತಾರೆ. ನಾವು ಚಪ್ಪಾಳೆ ತಟ್ಟಿದೆವು. ತಟ್ಟಿದಲ್ಲಿಯೇ ಅದು ಸತ್ತಿತು. ಮಾತನಾಡಿದರೆ ನಮ್ಮ ಧ್ವನಿಯು ತುಟಿಯನ್ನು ಬಿಟ್ಟು ಹೋಗಲು ಒಪ್ಪದಂತೆ ಭಾಸವಾಯಿತು. ಇಂಥ ಕೋಣೆಯಲ್ಲಿ ಸುಮ್ಮನೆ ಕುಳಿತವರಿಗೆ ತಮ್ಮ ರಕ್ತದ ಓಟವೇ ಕೇಳಿಸುವುದುಂಟು. ಅಮೆರಿಕದ ಸಂಗೀತಗಾರ ಜಾನ್ ಕೇಜ್ ಎಂಬುವರು ೧೯೫೧ ರಲ್ಲಿ ಹಾರ್ವರ್ಡಿನ ಇಂಥ ಕೋಣೆಯೊಳಗೆ ಹೋಗಿ ಬಂದು, ಮೌನವೆಂಬುದೇ ಇಲ್ಲವೆಂದು ತೀರ್ಮಾನಿಸಿದರಂತೆ. ನಮಗೆ ಐದು ನಿಮಿಷ ಸಾಕಾಯಿತು. ಧ್ಯಾನಕ್ಕೆ ಒಳ್ಳೆಯ ಸ್ಥಳವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಮನಸ್ಸು ನಿಲ್ಲುವುದಕ್ಕೆ ಒಂದಿಷ್ಟು ಎಲೆಯ ಸದ್ದಾದರೂ ಬೇಕು.

ಆದರೆ ಮನುಷ್ಯರು ಬೆಣೆಗಳ ನಡುವೆ ಸಂಸಾರ ಮಾಡುವುದಿಲ್ಲ. ಅಳತೆ ಮುಗಿದ ಮೇಲೆ ಕಿವಿಯಿಂದ ನೋಡಬೇಕು. ಅದಕ್ಕಾಗಿಯೇ ಕೇಳುವ ಕೋಣೆ. ನಾವು ಹೇಳಬೇಕೆಂದಿರುವುದೆಲ್ಲ ನಿಜವಾಗಿ ಈ ಕೋಣೆಯನ್ನು ಕುರಿತದ್ದು.

ನೋಡಲು ಅದು ಸಾಮಾನ್ಯವಾದ ಹಜಾರ. ನೆಲಕ್ಕೆ ದಪ್ಪನೆಯ ರತ್ನಗಂಬಳಿ. ಗೋಡೆಗೆ ಅಲ್ಲಲ್ಲಿ ಬಟ್ಟೆ ಹೊದಿಸಿದ ದಪ್ಪ ಹಲಗೆಗಳು. ಎದುರಿಗೆ ಎರಡು ಧ್ವನಿವರ್ಧಕ, ಅವೆರಡಕ್ಕೂ ಸಮದೂರದಲ್ಲಿ ಒಂದು ಕುರ್ಚಿ; ಮೂರೂ ಸೇರಿ ಸಮಭುಜ ತ್ರಿಕೋನ. ಇಂಥ ಕೋಣೆಗಳು ಹೇಗಿರಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಸಂಪರ್ಕ ಸಂಸ್ಥೆಯು ಒಂದು ಕಟ್ಟಳೆಯನ್ನು ಮಾಡಿದೆ. ನೂರು ಘನಮೀಟರಿನ ಕೋಣೆಯಲ್ಲಿ, ಸದ್ದು ನಿಂತ ಮೇಲೆ ಅದರ ಅನುರಣನವು ಅಡಗಿಹೋಗಲು ಹಿಡಿಯುವ ಕಾಲವು ಸುಮಾರು ಕಾಲು ಸೆಕೆಂಡು ಮಾತ್ರ ಇರಬೇಕು. ಕೋಣೆಯು ಪೂರ್ತಿ ಸತ್ತಂತೆಯೂ ಇರಬಾರದು, ದೇವಸ್ಥಾನದ ಮಂಟಪದಂತೆ ಗುಂಯ್‌ಗುಡಲೂ ಬಾರದು.

ನಾವು ಊರಿನಿಂದ ಒಯ್ದಿದ್ದ ಕಚೇರಿಯೊಂದನ್ನು ಹಾಕಬೇಕೆಂದು ಕೇಳಿಕೊಂಡೆವು. ತಂಬೂರಿ, ಹಾಡು, ಪಿಟೀಲು, ಮೃದಂಗ. ಮನೆಯಲ್ಲಿ ನೂರು ಸಲ ಕೇಳಿದ ಮುದ್ರಣ. ನಿಜವನ್ನು ಹೇಳಬೇಕಾದರೆ, ಮೊದಲ ಎರಡು ನಿಮಿಷ ನಮಗೆ ನಿರಾಶೆಯೇ ಆಯಿತು. ಮನೆಯಲ್ಲಿ ಮೃದಂಗದ ಎಡಗಡೆಯು ‘ಘುಂ’ ಎಂದು ಹಜಾರವನ್ನು ತುಂಬುತ್ತಿದ್ದಿತು. ಇಲ್ಲಿ ‘ಘು’ ಎಂದು ನಿಂತುಬಿಡುತ್ತಿದ್ದಿತು. ಏನೋ ಕಡಮೆಯಾಯಿತೆನಿಸಿತು. ಮೂರನೆಯ ನಿಮಿಷದಲ್ಲಿ, ವಿದ್ವಾಂಸರು ಎಡಗೈಯನ್ನು ಚರ್ಮದ ಮೇಲೆ ಒತ್ತಿ ಜಾರಿಸುವ ಗುಮಿಕಿಯು ಬೆರಳಿನ ಗುರುತು ಸಹಿತ ಕೇಳಿಸಿತು. ಅದರ ಹಿಂದೆ ತಂಬೂರಿಯ ನಾಲ್ಕು ತಂತಿಗಳು ಒಂದೊಂದಾಗಿ ಬಿಡಿಸಿಕೊಂಡವು. ಹಾಡುವವರು ಚರಣಕ್ಕೆ ಮುನ್ನ ಉಸಿರು ತೆಗೆದುಕೊಂಡರು. ಅದನ್ನು ನಾವು ಅದುವರೆಗೆ ಕೇಳಿಯೇ ಇರಲಿಲ್ಲ. ಆ ‘ಘುಂ’ಕಾರವು ಮೃದಂಗದ್ದಲ್ಲ, ನಮ್ಮ ಮನೆಯ ಗೋಡೆಗಳದ್ದು! ನಾಲ್ಕು ಮೀಟರು ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ೪೩, ೮೬ ಕಂಪನಗಳ ಸ್ವರಗಳು ಸಿಕ್ಕಿಹಾಕಿಕೊಂಡು ನಿಂತಲ್ಲೇ ತೂಗುತ್ತವೆಂದು ಲೆಕ್ಕಹಾಕಬಹುದು. ಹಾಡುಗಾರನ ಶ್ರುತಿ ಯಾವುದಾದರೇನು, ಗೋಡೆಯು ತನ್ನ ಶ್ರುತಿಯನ್ನು ಬಿಡುವುದಿಲ್ಲ.

ಬಳಿಕ ಅವರು ಬರಿಯ ಮಾತಿನ ಮುದ್ರಣವೊಂದನ್ನು ಹಾಕಿದರು. ಧ್ವನಿವರ್ಧಕದ ಪರೀಕ್ಷೆಗೆ ಸಂಗೀತಕ್ಕಿಂತ ಮನುಷ್ಯರ ಮಾತು ಕಠಿನವಾದ ಒರೆಗಲ್ಲು, ಇಂಗ್ಲೆಂಡಿನ ಬಿ.ಬಿ.ಸಿ.ಯ ಶಬ್ದತಜ್ಞರು ಬಹುಕಾಲ ಹೀಗೆ ಪರೀಕ್ಷಿಸಿದವರು. ಪಿಟೀಲು ಹೇಗಿರಬೇಕೆಂಬುದರಲ್ಲಿ ನಾವು ಮೋಸಹೋಗಬಹುದು. ಮನುಷ್ಯನ ಕೊರಳು ಹೇಗಿರಬೇಕೆಂಬುದನ್ನು ತೊಟ್ಟಿಲಿನಿಂದಲೇ ಬಲ್ಲೆವು. ಮಾತು ಫಿನ್ನಿಷ್ ಭಾಷೆಯದು, ನಮಗೆ ಒಂದು ಪದವೂ ತಿಳಿಯದು. ಆದರೂ ಅಕ್ಷರ ಅಕ್ಷರವನ್ನು ಬಿಡಿಸಿ ಬರೆದುಕೊಳ್ಳುವಷ್ಟು ನಿರ್ಮಲವಾಗಿ ಕೇಳಿಸಿತು. ನಡುವೆ ಒಂದು ಸ್ವಾರಸ್ಯವು ತಿಳಿಯಿತು. ಆ ಭಾಷೆಯಲ್ಲಿ ‘ಕುಕ’ ಎಂದರೆ ‘ಯಾರು’, ‘ಕುಕ್ಕ’ ಎಂದರೆ ‘ಹೂವು’. ನಮ್ಮ ಕತೆ, ಕತ್ತೆಗಳ ಹಾಗೆಯೇ ಒತ್ತೊಂದರಿಂದ ಅರ್ಥವು ಬೇರೆಯಾಗುತ್ತದೆ.

ಒತ್ತಕ್ಷರವೆಂದರೇನು? ವಾಚಕರು ಒಮ್ಮೆ ‘ಕತ್ತೆ’ ಎಂದು ಮೆಲ್ಲಗೆ ಹೇಳಿ ನೋಡಿರಿ. ನಾಲಿಗೆಯು ಹಲ್ಲಿಗೆ ಅಂಟಿ ಒಂದು ಚಣ ಉಸಿರೇ ನಿಲ್ಲುತ್ತದೆ. ಆ ಚಣದಲ್ಲಿ ಧ್ವನಿಯಿಲ್ಲ, ಇರುವುದು ಮೌನ. ಸೆಕೆಂಡಿನ ಸಣ್ಣದೊಂದು ಪಾಲಿನಷ್ಟು ಆ ಮೌನವು ಹೆಚ್ಚಾದರೆ ಕತ್ತೆ, ಕಡಮೆಯಾದರೆ ಕತೆ. ಪ್ರತಿಧ್ವನಿಸುವ ಕೋಣೆಯಲ್ಲಿ ಮೊದಲ ‘ಕ’ದ ಬಾಲವು ಬಂದು ಈ ಮೌನವನ್ನು ತುಂಬಿಬಿಡುತ್ತದೆ. ಸ್ವರಗಳು ಬಲವಾದುವು, ಉದ್ದವಾದುವು. ವ್ಯಂಜನಗಳು ಕ್ಷೀಣವಾದುವು, ಕ್ಷಣಿಕವಾದುವು. ಹಿಂದಿನ ಸ್ವರದ ಪ್ರತಿಧ್ವನಿಯಲ್ಲಿ ಮುಂದಿನ ವ್ಯಂಜನವು ಮುಳುಗಿಹೋಗುತ್ತದೆ. ಕಾಲು, ಪಾಲು, ಸಾಲು ಎಲ್ಲವೂ ‘ಆಲು’ ಎಂದೇ ಕೇಳಿಸುತ್ತವೆ.

ಇಲ್ಲಿ ನಮ್ಮ ಮನೆಯ ವಿಚಾರವೊಂದನ್ನು ಹೇಳಬೇಕು. ಎಂಬತ್ತನ್ನು ದಾಟಿದ ನಮ್ಮ ಸೋದರತ್ತೆಯವರು ನಮ್ಮೊಡನೆ ಇರುತ್ತಾರೆ. ಸಂಜೆಯ ವಾರ್ತೆ, ಹರಿಕಥೆ, ಒಂದೆರಡು ಧಾರಾವಾಹಿ ಇವು ಅವರ ಲೋಕ. ಎರಡು ವರ್ಷಗಳಿಂದ “ಸ್ವಲ್ಪ ಜೋರಾಗಿ ಹಾಕಪ್ಪ, ಏನೂ ತಿಳಿಯೋದಿಲ್ಲ” ಎನ್ನುವರು. ಜೋರು ಮಾಡಿದರೆ “ಸದ್ದು ಬಂತು, ಮಾತು ಬರಲಿಲ್ಲ” ಎನ್ನುವರು. ಪಕ್ಕದ ಕೋಣೆಯಲ್ಲಿ ಓದುವ ಹುಡುಗರು ಬಾಗಿಲನ್ನು ಮುಚ್ಚಿಕೊಳ್ಳುವರು. ಅತ್ತೆಯವರು ತಮ್ಮಿಂದ ಎಲ್ಲರಿಗೂ ತೊಂದರೆಯಾಯಿತೆಂದು ಟೀವಿಯನ್ನೇ ಆರಿಸಿ ಒಬ್ಬರೇ ಕುಳಿತಿರುವರು. ಇಂಥ ಹಿರಿಯರು ಇಲ್ಲದ ಮನೆ ಯಾವುದಿದ್ದೀತು? ಈಸಲ್ಮಿಯ ಆ ಕುರ್ಚಿಯಲ್ಲಿ ಕುಳಿತು ಅರಿಯದ ಭಾಷೆಯ ಅಕ್ಷರಗಳನ್ನು ಎಣಿಸುತ್ತಿರುವಾಗ ನಮಗೆ ಅವರ ಮಾತೇ ನೆನಪಾಯಿತು. “ಸದ್ದು ಬಂತು, ಮಾತು ಬರಲಿಲ್ಲ.” ಅತ್ತೆಯವರು ಶಬ್ದಶಾಸ್ತ್ರವನ್ನು ಓದಿದವರಲ್ಲ, ಆದರೆ ರೋಗವನ್ನು ಸರಿಯಾಗಿ ಹೆಸರಿಸಿದ್ದರು.

ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನು. ವ್ಯಂಜನಗಳ ಗುರುತುಗಳು ಬಹುಮಟ್ಟಿಗೆ ಇರುವುದು ಅಲ್ಲಿಯೇ. ಇದರ ಮೇಲೆ, ಈಗಿನ ತೆಳ್ಳನೆಯ ಟೀವಿಗಳಲ್ಲಿ ಧ್ವನಿವರ್ಧಕಕ್ಕೆ ಮುಂದುಗಡೆ ಸ್ಥಳವಿಲ್ಲದೆ ಅದನ್ನು ನೆಲಕ್ಕೋ ಹಿಂದಿನ ಗೋಡೆಗೋ ಮುಖಮಾಡಿ ಇಡುವುದೇ ಹೆಚ್ಚು. ಕೇಳುವವರಿಗೆ ಬರುವುದು ಗೋಡೆಗೆ ಬಡಿದು ಬಂದ ಎಂಜಲು ಧ್ವನಿ. ಇದಕ್ಕೂ ಮೇಲೆ ನಮ್ಮ ಹೊಸ ಮನೆಗಳು: ಕೆಳಗೆ ನುಣುಪಾದ ಕಲ್ಲಿನ ನೆಲ, ಸುತ್ತ ಗಾರೆಯ ಗೋಡೆ, ಕಿಟಕಿಗೆ ಗಾಜು. ಸದ್ದನ್ನು ಹೆಚ್ಚಿಸಿದರೆ ಮಾತೂ ಹೆಚ್ಚುತ್ತದೆ, ಅದರೊಡನೆ ಅಷ್ಟೇ ಪ್ರಮಾಣದಲ್ಲಿ ಪ್ರತಿಧ್ವನಿಯೂ ಹೆಚ್ಚುತ್ತದೆ. ಕೆಸರುನೀರನ್ನು ಇನ್ನೊಂದು ಬಿಂದಿಗೆ ತಂದಂತೆ.

ಈ ವಿಷಯದಲ್ಲಿ ಮೊದಲು ದಾರಿಯನ್ನು ತೋರಿಸಿದ ಪುಣ್ಯಾತ್ಮರ ಕಥೆಯನ್ನು ಗೃಹಿಣಿಯರು ಮೆಚ್ಚುವರೆಂದು ನಂಬಿದ್ದೇವೆ. ೧೮೯೫ ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದರಲ್ಲಿ ಒಬ್ಬರ ಮಾತೂ ತಿಳಿಯದಂತಾಯಿತು. ಆಡಿದ ಮಾತು ಐದೂವರೆ ಸೆಕೆಂಡು ಸುಳಿದಾಡುತ್ತಿದ್ದಿತು. ವಾಲೆಸ್ ಸೇಬಿನ್ ಎಂಬ ತರುಣ ಉಪಾಧ್ಯಾಯರಿಗೆ ಇದನ್ನು ಸರಿಪಡಿಸೆಂದು ಹೇಳಿದರು. ಅವರು ಸಮೀಪದ ನಾಟಕಮಂದಿರದಿಂದ ಆಸನದ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು, ಒಂದು ಕೊಳವೆಯನ್ನು ಊದಿಸಿ, ಎಷ್ಟು ಮೆತ್ತೆಗಳಿಗೆ ಎಷ್ಟು ಬೇಗ ಸದ್ದು ಅಡಗುತ್ತದೆಂದು ಗಡಿಯಾರ ಹಿಡಿದು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸಬೇಕು! ಎಲ್ಲ ಮೆತ್ತೆಗಳನ್ನೂ ಹರಡಿದಾಗ ಐದೂವರೆ ಸೆಕೆಂಡು ಇದ್ದುದು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚಿಗೆ ಇಳಿಯಿತು. ಜಗತ್ತಿನ ಸಭಾಮಂದಿರಗಳ ಶಬ್ದಶಾಸ್ತ್ರವೆಲ್ಲ ಈ ಮೆತ್ತೆಗಳ ಮೇಲೆ ಕುಳಿತಿದೆಯೆಂದರೆ ಹುಸಿಯಲ್ಲ.

ಮೆತ್ತೆಗಳಿಗೆ ನಮ್ಮಲ್ಲಿ ಬರವೆ? ಅಜ್ಜಿಯರು ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿಗಳು ಪೆಟ್ಟಿಗೆಯಲ್ಲಿ ಮಡಿಸಿಕೊಂಡು ಬಿದ್ದಿವೆ. ಟೀವಿಯ ಎದುರಿನ ಬರಿಯ ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ, ದಪ್ಪನೆಯ ಕೌದಿಯೊಂದನ್ನು ತೂಗುಹಾಕಿದರೆ ಮಾತು ಎಷ್ಟೋ ತಿಳಿಯಾಗುತ್ತದೆ. ನೆಲಕ್ಕೆ ಜಮಖಾನೆ ಹಾಸಬೇಕು. ನವಲಗುಂದದ್ದಾದರೆ ಕಣ್ಣಿಗೂ ಹಬ್ಬ. ಆದರೆ ತೆಳುವಾದ ಹಾಸು ತಾರವನ್ನು ಮಾತ್ರ ಹೀರುತ್ತದೆ, ಮಂದ್ರದ ಗುಂಗುಡುವಿಕೆಗೆ ಅದು ಏನೂ ಅಲ್ಲ. ಮೀಟರುಗಟ್ಟಲೆ ಉದ್ದದ ಅಲೆಯನ್ನು ಹಿಡಿಯಲು ದಪ್ಪವೇ ಬೇಕು. ಮೂಲೆಗೆ ಹತ್ತಿಯ ಹಾಸಿಗೆಯ ಸುರುಳಿಯನ್ನು ನಿಲ್ಲಿಸಿದರೆ ಸ್ವಲ್ಪ ಪ್ರಯೋಜನವುಂಟು; ಬಂದ ನೆಂಟರು ಏನೆಂದಾರೋ ಎಂಬ ಅಂಜಿಕೆಯಿದ್ದವರು ಪುಸ್ತಕದ ಬೀರುವನ್ನು ಇಡಬಹುದು. ಧ್ವನಿವರ್ಧಕವನ್ನು ಮೂಲೆಗೆ ಒತ್ತಿ ಇಡಬಾರದು. ಇವೆಲ್ಲಕ್ಕಿಂತಲೂ ಸುಲಭವಾದುದು ಹತ್ತಿರ ಕೂರುವುದು. ದೂರವನ್ನು ಅರ್ಧ ಮಾಡಿದರೆ ಧ್ವನಿವರ್ಧಕದಿಂದ ನೇರವಾಗಿ ಬರುವ ಧ್ವನಿಯು ಆರು ಡೆಸಿಬೆಲ್ ಏರುತ್ತದೆ, ಗೋಡೆಯ ಪ್ರತಿಧ್ವನಿಯು ಇದ್ದಷ್ಟೇ ಇರುತ್ತದೆ. ಇಡೀ ಹಜಾರಕ್ಕೆ ಕೇಳಿಸುವ ದೊಡ್ಡ ಯಂತ್ರಕ್ಕಿಂತ ಹಿರಿಯರ ಕುರ್ಚಿಯ ಪಕ್ಕದಲ್ಲಿ ಒಂದು ಚಿಕ್ಕ ಧ್ವನಿವರ್ಧಕವು ಮೇಲು. ಇಷ್ಟಾದರೂ ಮಾತು ತಿಳಿಯದಿದ್ದರೆ ಕಿವಿಯನ್ನು ವೈದ್ಯರಿಗೆ ತೋರಿಸತಕ್ಕುದು. ಕನ್ನಡಕವನ್ನು ಹಾಕಿಕೊಳ್ಳಲು ನಾಚದವರು ಶ್ರವಣಯಂತ್ರಕ್ಕೆ ಏಕೆ ನಾಚುತ್ತಾರೆಂಬುದು ನಮಗೆ ಅರ್ಥವಾಗಿಲ್ಲ.

ಹೊಸದಾಗಿ ಕೊಳ್ಳುವವರಿಗೆ ಇನ್ನೊಂದು ಮಾತು. ೧೯೯೪ ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ತಜ್ಞರು ನಾಲ್ವತ್ತು ಮಂದಿಗೆ ಕೆಲವು ಧ್ವನಿವರ್ಧಕಗಳನ್ನು ಮೊದಲು ಮರೆಮಾಡಿ, ಆಮೇಲೆ ಕಾಣುವಂತೆ ಇಟ್ಟು ಕೇಳಿಸಿದರು. ಕಣ್ಣಿಗೆ ಕಂಡೊಡನೆ ಅಂಕಗಳು ಬದಲಾದುವು. ದೊಡ್ಡದಾಗಿ ಭರ್ಜರಿಯಾಗಿ ಇದ್ದುವು ಮೇಲೇರಿದವು, ಚಿಕ್ಕದೊಂದು ಕೆಳಗಿಳಿಯಿತು. ಕೇಳಿದವರು ದಾರಿಹೋಕರಲ್ಲ, ಧ್ವನಿವರ್ಧಕಗಳನ್ನು ತಯಾರಿಸುವ ಸಂಸ್ಥೆಯಲ್ಲಿಯೇ ಕೆಲಸಮಾಡುವವರು. ಆದುದರಿಂದ ಅಂಗಡಿಗೆ ಹೋದಾಗ ಕಣ್ಣು ಮುಚ್ಚಿ ಕೇಳಿರಿ. ಎರಡನ್ನು ಹೋಲಿಸುವಾಗ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರಿಸಿರಿ; ಕೊಂಚವೇ ಗಟ್ಟಿಯಾಗಿರುವುದು ಇಂಪಾಗಿದೆಯೆಂದು ತೋರುವುದು ಎಲ್ಲರ ಕಿವಿಯ ದೌರ್ಬಲ್ಯ. ಈ ದೌರ್ಬಲ್ಯವನ್ನು ಬಲ್ಲ ಅಂಗಡಿಕಾರರೂ ಉಂಟು. ಮನೆಯಲ್ಲಿಯೇ ಮುದ್ರಿಸಿಕೊಂಡ ನಿಮ್ಮವರೊಬ್ಬರ ಮಾತನ್ನು ಒಯ್ದು ಹಾಕಿಸಿ ನೋಡಿರಿ. ಅದು ಅವರ ಕೊರಳೇ ಎನಿಸಿದರೆ ಕೊಳ್ಳಬಹುದು; ಅವರು ಮಡಕೆಯೊಳಗಿಂದ ಮಾತನಾಡಿದಂತಿದ್ದರೆ ಬೇಡ.

ವೃತ್ತಿಯವರ ಯಂತ್ರವನ್ನೇ ಮನೆಗೂ ತರೋಣವೆ ಎಂದು ಕೆಲವರು ಕೇಳಬಹುದು. ಬೆಲೆಯು ನಮ್ಮಂಥವರ ಕೈಗೆ ಸುಲಭವಲ್ಲ. ಅದೂ ಅಲ್ಲದೆ ಬರಿಯ ಗೋಡೆಗಳ ಕೋಣೆಯಲ್ಲಿಟ್ಟರೆ ಅದೂ ಗುಂಯ್‌ಗುಡುತ್ತದೆ. ಜೆನೆಲೆಕ್‌ನವರು ೨೦೦೬ ರಿಂದೀಚೆಗೆ, ಕೇಳುವವನ ತಲೆಯಿರುವಲ್ಲಿ ಮೈಕ್ರೋಫೋನನ್ನು ಇಟ್ಟು, ಮಂದ್ರದಿಂದ ತಾರದವರೆಗೆ ಒಂದು ಸ್ವರವನ್ನು ಏರಿಸಿ, ಕೋಣೆಯು ಎಲ್ಲೆಲ್ಲಿ ಉಬ್ಬಿಸುತ್ತದೆಂದು ತಿಳಿದು, ಧ್ವನಿವರ್ಧಕವು ಅಷ್ಟಷ್ಟನ್ನು ತಗ್ಗಿಸಿಕೊಳ್ಳುವ ಏರ್ಪಾಟನ್ನು ಮಾಡಿದ್ದಾರೆ. ನಮ್ಮೆದುರಿಗೂ ಅದನ್ನು ಮಾಡಿ ತೋರಿಸಿದರು. ಬಹು ಚಮತ್ಕಾರವಾದುದು. ಆದರೆ ಇದರಿಂದ ಪ್ರತಿಧ್ವನಿಯು ಹೋಗುತ್ತದೆಯೆ ಎಂದು ಕೇಳಿದೆವು. ಉಬ್ಬು ತಗ್ಗುತ್ತದೆ, ಗೋಡೆಯು ಗೋಡೆಯಾಗಿಯೇ ಇರುತ್ತದೆ ಎಂದು ನಮ್ಮ ಮಾರ್ಗದರ್ಶಕರು ಮುಚ್ಚುಮರೆಯಿಲ್ಲದೆ ಹೇಳಿದರು. ಮಾರುವವರ ಬಾಯಿಂದ ಇಂಥ ಮಾತನ್ನು ಕೇಳಿ ನಮಗೆ ಅವರ ಕಾರ್ಖಾನೆಯ ವಿಷಯದಲ್ಲಿ ಗೌರವವು ಇನ್ನೂ ಹೆಚ್ಚಾಯಿತು.

ಊರಿಗೆ ಬಂದ ಮೇಲೆ ನಮ್ಮ ಹಜಾರದಲ್ಲಿ ಎರಡು ಕೌದಿಗಳು ಗೋಡೆಯನ್ನು ಏರಿವೆ. ನೆಲಕ್ಕೆ ಜಮಖಾನೆ ಬಂದಿದೆ. ಅತ್ತೆಯವರ ಕುರ್ಚಿಯ ಬಲಗಡೆಗೆ, ಸ್ಟೂಲಿನ ಮೇಲೆ, ತೆಂಗಿನಕಾಯಿಯಷ್ಟು ಗಾತ್ರದ ಸಾಧಾರಣವಾದ ಧ್ವನಿವರ್ಧಕವೊಂದನ್ನು ಇಟ್ಟಿದ್ದೇವೆ. ಮೊದಲ ಸಂಜೆ ವಾರ್ತೆ ಮುಗಿಯುವವರೆಗೆ ಅತ್ತೆಯವರು ಏನನ್ನೂ ಹೇಳಲಿಲ್ಲ. ಮುಗಿದ ಮೇಲೆ, “ಈ ಹುಡುಗಿ ಇಷ್ಟು ಬೇಗ ಬೇಗ ಓದುತ್ತಾಳೇನೋ, ಮಧ್ಯೆ ಉಸಿರೇ ತೆಗೆದುಕೊಳ್ಳೋದಿಲ್ಲವಲ್ಲ” ಎಂದು ವಾರ್ತೆ ಓದುವವಳ ಮೇಲೆ ದೂರು ಹೇಳಿದರು. ಹುಡುಗರು ಈಗ ಬಾಗಿಲನ್ನು ಮುಚ್ಚಿಕೊಳ್ಳುವುದಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವಾಗ ಮಾತ್ರ ಕೌದಿಯೂ ಇಲ್ಲ, ಜಮಖಾನೆಯೂ ಇಲ್ಲ. ಚಟ್ನಿಯನ್ನು ವಾರ್ತೆಗೆ ಮುಂಚೆಯೇ ರುಬ್ಬಿಕೊಳ್ಳಬೇಕೆಂದು ಅತ್ತೆಯವರ ಅಪ್ಪಣೆಯಾಗಿದೆ.